ಒಂದೂ ಫೈನ್ ಇಲ್ಲದ ಅಪ್ಪನೂ ಫ್ರಾನ್ಸಿನ ಎಡಗಡೆ ಲೇನೂ

ಅಪ್ಪನ ಡ್ರೈವಿಂಗ್ ಸ್ಕೂಲು ಇರುವುದು ಬೆಂಗಳೂರಿನ ಮೂಡಲಪಾಳ್ಯದಲ್ಲಿ, ಒಂದು ಹಿಟ್ಟಿನ ಗಿರಣಿಗೂ ಒಂದು ಟೈಲರ್ ಅಂಗಡಿಗೂ ನಡುವೆ. ಸ್ಕೂಲು ಅಂದರೆ ಒಂದು ಮೇಜು, ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಚಾರ್ಟು, ಹೊರಗೆ ನಿಂತಿರುವ ಒಂದು ಹಳೇ ಬಿಳಿ ಕಾರು. ಕಾರಿನ ಎರಡೂ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬರೆಸಿದ್ದಾನೆ: 'ಮೂವತ್ತು ವರ್ಷ. ಒಂದೂ ಫೈನ್ ಇಲ್ಲ.'

ಇದು ಸುಳ್ಳಲ್ಲ. ಎರಡನೇ ಗೇರಿನಲ್ಲಿ, ತಳ್ಳುಗಾಡಿಯ ಸೊಪ್ಪಿನವನಿಗೂ ದಾರಿ ಬಿಟ್ಟುಕೊಂಡು ಹೋಗುವ ಮನುಷ್ಯನಿಗೆ ಫೈನ್ ಹಾಕಬೇಕಾದರೆ ಪೊಲೀಸರು ಬೈಕ್ ಕೂಡ ಹತ್ತಬೇಕಾಗಿಲ್ಲ, ಪಕ್ಕದಲ್ಲೇ ನಡೆದುಕೊಂಡು ಬಂದು ಹಾಕಬಹುದು. ಆದರೂ ಯಾರೂ ಹಾಕಿರಲಿಲ್ಲ. ಅನ್ನಪೂರ್ಣೇಶ್ವರಿ ನಗರದಲ್ಲಿ ಏಸಿ ಕಾರು, ಮೊಬೈಲಿನಲ್ಲೇ ಬುಕಿಂಗು ಅಂತ ಹೊಸ ಸ್ಕೂಲೊಂದು ಶುರುವಾಗಿ, ನಮ್ಮ ಅರ್ಧ ಶಿಷ್ಯರು ಅಲ್ಲಿಗೆ ಹೋಗಿದ್ದರು. ಉಳಿದರ್ಧ ಬರುತ್ತಿದ್ದದ್ದು ಬಾಗಿಲ ಮೇಲಿನ ಆ ಸಾಲು ನೋಡಿ. ಅಪ್ಪನ ಬಳಿ ಮಾರಲು ಇದ್ದದ್ದು ಆ ಸಾಲೊಂದೇ.

ನನ್ನ ಬಳಿ ಅದೂ ಇಲ್ಲ. ಗಣೇಶನ ಪೆಂಡಾಲುಗಳಲ್ಲಿ ಮಿಮಿಕ್ರಿ ಮಾಡುತ್ತೇನೆ, ಗಣೇಶ ನೀರಿಗೆ ಹೋದ ಮೇಲೆ ಸ್ಕೂಲಿನ ಮೇಜಿನ ಹಿಂದೆ ಕೂರುತ್ತೇನೆ. ನನ್ನ ಐಟಮ್‌ಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಬೀಳುವುದು ಅಪ್ಪನಿಗೇ. "ಕ್ಲಚ್ ಬಿಡಿ ಮೇಡಂ... ನಿಧಾನ... ನಿಧಾನ... ಮೇಡಂ, ಅದು ವೈಪರ್ರು." ಅಪ್ಪ ಮುಂದಿನ ಸಾಲಿನಲ್ಲಿ ಕೂತು ನೋಡಿ, "ಯಾರೋ ಇದು? ಎಲ್ಲೋ ಕೇಳ್ದಂಗಿದೆ" ಅನ್ನುತ್ತಾನೆ.

ಅಕ್ಕ ಫ್ರಾನ್ಸಿನ ಲಿಯೋನ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಬ್ಯಾಕ್ಟೀರಿಯಾ ಮೇಲೆ. ಅದನ್ನು ಮುಗಿಸುವ ಮೊದಲು ಒಂದು ಸಲ ಬಂದು ಹೋಗಿ ಅಂದಳು. ಪ್ಯಾರಿಸ್‌ನಿಂದ ರೈಲು ಹತ್ತಿದರೆ ಎರಡು ಗಂಟೆ ಅಂತಲೂ ಅಂದಳು. ಅಪ್ಪ ಅವಳು ಬೈದಳೇನೋ ಎಂಬಂತೆ ಫೋನನ್ನೇ ನೋಡಿದ.

"ಡ್ರೈವಿಂಗ್ ಸ್ಕೂಲ್ ಇಟ್ಕೊಂಡು ರೈಲಲ್ಲಿ ಹೋದ್ರೆ ಜನ ಏನಂತಾರಮ್ಮಾ?"

"ಫ್ರಾನ್ಸಲ್ಲಿ ನಿನ್ನನ್ನ ಯಾವ ಜನ ನೋಡ್ತಾರಪ್ಪಾ?" ಅಂತ ನಾನು ಕೇಳಿದೆ.

"ನನ್ನನ್ನ ನಾನೇ ನೋಡ್ಕೋತೀನಲ್ಲೋ."

ಅಪ್ಪನೂ ನಾನೂ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೆವು. ಪ್ಯಾರಿಸ್ ವಿಮಾನ ನಿಲ್ದಾಣದಲ್ಲಿ ಅಪ್ಪನ ಹೆಸರಿಗೆ ಬಾಡಿಗೆ ಕಾರು, ಎರಡನೇ ಡ್ರೈವರ್ ಅಂತ ನನ್ನ ಹೆಸರು. ಅಮ್ಮ ಹಿಂದಿನ ಸೀಟಿನಲ್ಲಿ ಪುಳಿಯೋಗರೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು.

ಅಲ್ಲೇ ಒಂದು ಎಡವಟ್ಟು ಕಾದಿತ್ತು. ಮೂವತ್ತು ವರ್ಷದಿಂದ ಅಪ್ಪ ಕಾರಿನಲ್ಲಿ ಕೂರುವುದು ಎಡಗಡೆ. ಅಲ್ಲಿ ಅವನ ಕಾಲಡಿ ಒಂದು ಬ್ರೇಕು, ಒಂದು ಕ್ಲಚ್ಚು. ಸ್ಟೀರಿಂಗು ಬಲಗಡೆ ಕೂತ ಶಿಷ್ಯರ ಪಾಡು. ಫ್ರಾನ್ಸಿನವರು ಎಡಗಡೆಯೇ ಸ್ಟೀರಿಂಗ್ ಇಟ್ಟಿದ್ದರು. ಅಪ್ಪ ತನ್ನ ಮಾಮೂಲಿ ಜಾಗದಲ್ಲಿ ಆರಾಮಾಗಿ ಕೂತ, ಬ್ರೇಕಿನ ಮೇಲೆ ಕಾಲಿಟ್ಟ, ಬಲಕ್ಕೆ ತಿರುಗಿ ನನಗೆ ಹೇಳಿದ: "ಹೂಂ, ಮಿರರ್ ನೋಡ್ಕೋ. ಫಸ್ಟ್ ಗೇರ್ ಹಾಕು."

"ಅಪ್ಪಾ, ನನ್ನ ಮುಂದೆ ಗ್ಲೋವ್ ಬಾಕ್ಸ್ ಇದೆ. ಅದನ್ನ ಯಾವ ಗೇರಿಗೆ ಹಾಕ್ಲಿ?"

ಅಪ್ಪ ತನ್ನೆದುರಿನ ಸ್ಟೀರಿಂಗನ್ನು ಆಗ ಗಮನಿಸಿದ. ಹಾಗಂತ ಅಭ್ಯಾಸ ಬಿಟ್ಟೀತೇ? ಊರು ದಾಟುವವರೆಗೆ ಪ್ರತಿ ಸಿಗ್ನಲ್ಲಿಗೂ "ಬ್ರೇಕ್ ಒತ್ತು, ಬ್ರೇಕ್ ಒತ್ತು" ಅಂತ ನನಗೆ ಹೇಳಿ ತಾನೇ ಒತ್ತುತ್ತಿದ್ದ. ನಾಲ್ಕನೇ ಸಿಗ್ನಲ್ಲಿಗೆ ನನ್ನ ಕಾಲೂ ತಾನಾಗಿಯೇ ಮ್ಯಾಟನ್ನು ಒತ್ತತೊಡಗಿತು.

ಹೆದ್ದಾರಿ ಸಿಕ್ಕಿತು. ಮೂರು ಲೇನು. ಒಂದು ಹಂಪಿಲ್ಲ, ಒಂದು ಹಸುವಿಲ್ಲ, ಎದುರಿನಿಂದ ನುಗ್ಗಿ ಬರುವ ಸ್ಕೂಟರಿಲ್ಲ. ಅಪ್ಪನಿಗೆ ದಿಕ್ಕೇ ತೋಚಲಿಲ್ಲ. ಗರಿಷ್ಠ ವೇಗ ನೂರ ಮೂವತ್ತು ಅಂತ ನಾನು ಓದಿ ಹೇಳಿದೆ.

"ಆಸೆ ತೋರಿಸ್ತಾರೆ ಕಣೋ. ಹೋದ್ವೋ, ಮುಂದೆ ಕ್ಯಾಮೆರಾ ಇಟ್ಕೊಂಡು ಕೂತಿರ್ತಾರೆ."

ಸ್ವಲ್ಪ ಮುಂದೆ ಕ್ಯಾಮೆರಾ ಇದೆ ಎಂದು ಸಾರುವ ಬೋರ್ಡು ನಿಜಕ್ಕೂ ಬಂತು. ಹಿಡಿಯುವ ಮೊದಲು ಹಿಡಿಯುತ್ತೇವೆ ಅಂತ ಬೋರ್ಡು ಹಾಕಿ ಹೇಳುವ ಮರ್ಯಾದಸ್ಥರ ದೇಶ. ನಮ್ಮಲ್ಲಾದರೆ ಮರದ ಹಿಂದಿನಿಂದ ಕೈ ಮಾತ್ರ ಹೊರಗೆ ಬರುತ್ತದೆ. ಬೋರ್ಡು ಕಂಡದ್ದೇ ತಡ, ಅಪ್ಪ ಅರವತ್ತಕ್ಕೆ ಇಳಿದ. ಇಳಿದವನು ಇನ್ನೊಂದು ಕೆಲಸವನ್ನೂ ಮಾಡಿದ. ಮೂವತ್ತು ವರ್ಷದಿಂದ ಸಾವಿರಾರು ಶಿಷ್ಯರಿಗೆ ಹೇಳಿಕೊಟ್ಟ ಮೊದಲ ಪಾಠ: ನಿಧಾನ ಹೋಗುವವರು ಎಡಗಡೆ ಇರಬೇಕು. ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಶಾಸ್ತ್ರೋಕ್ತವಾಗಿ ತೀರಾ ಎಡಗಡೆಯ ಲೇನಿಗೆ ಹೋಗಿ, ಅರವತ್ತರಲ್ಲಿ ನೆಮ್ಮದಿಯಾಗಿ ಕೂತ.

ಇಡೀ ಫ್ರಾನ್ಸು ಬಲಗಡೆ ಓಡುತ್ತದೆ. ಅಲ್ಲಿ ತೀರಾ ಎಡಗಡೆಯ ಲೇನು ಅಂದರೆ ನಮ್ಮ ಬಲತುದಿಯ ಲೇನಿದ್ದಂತೆ, ಬೇರೆಯವರನ್ನು ಹಿಂದೆ ಹಾಕಿ ಹಾರಿ ಹೋಗುವವರದು. ಈ ವಿಷಯ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಓದಿಕೊಂಡಿದ್ದೆ. ಆದರೆ ಆ ಹೊತ್ತಿಗೆ ನಾನು ಅಪ್ಪನ ವಿಡಿಯೋ ಮಾಡುವುದರಲ್ಲಿ ಮಗ್ನನಾಗಿದ್ದೆ. ಮುಂದಿನ ಗಣೇಶನಿಗೆ ಹೊಸ ಐಟಮ್ ಬೇಕಿತ್ತು.

"ರೀ, ಹಿಂದಿನವ್ರು ಲೈಟ್ ಹೊಡೀತಿದಾರೆ" ಅಂದಳು ಅಮ್ಮ.

"ಹೊಡೀಲಿ ಬಿಡೇ. ಅರ್ಜೆಂಟ್ ಇದ್ರೆ ಪಕ್ಕದಲ್ಲಿ ಹೋಗ್ತಾರೆ."

ಹೋದರು. ಬಲಗಡೆಯಿಂದ, ಒಬ್ಬರ ಹಿಂದೊಬ್ಬರು, ಹಾರ್ನ್ ಒತ್ತುತ್ತಾ. ಒಬ್ಬ ಕಿಟಕಿಯಿಂದ ಕೈಯೆತ್ತಿ ಏನೋ ಹೇಳಿದ. ಅದು ಶುಭಾಶಯವಲ್ಲ ಅಂತ ನನಗೆ ಗೊತ್ತಾಯಿತು. ಅಪ್ಪ ಮಾತ್ರ ನಗುತ್ತಾ ಅವನಿಗೆ ಕೈಬೀಸಿ, "ಒಳ್ಳೆ ಜನ ಕಣೋ" ಅಂದ.

ಕೊನೆಗೊಬ್ಬ ಬಂದ. ಬೈಕು, ನೀಲಿ ಸಮವಸ್ತ್ರ, ನೀಲಿ ದೀಪ. ಮುಂದೆ ಬಂದು, ಹಿಂದೆ ಬಾ ಅಂತ ಕೈ ಮಾಡಿ, ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಕ್ಕೆ ಕರೆದುಕೊಂಡು ಹೋದ.

ಅಪ್ಪನ ಮುಖ ಬಿಳಿಚಿಕೊಂಡಿತು. ಕಾರು ನಿಲ್ಲಿಸಿ, ಬೆಂಗಳೂರಿನಲ್ಲಿ ಮಾಡಬೇಕಾದ್ದನ್ನೇ ಮಾಡಿದ: ತಕ್ಷಣ ಇಳಿದ, ದಾಖಲೆಗಳ ಪ್ಲಾಸ್ಟಿಕ್ ಕವರು ಹಿಡಿದುಕೊಂಡ, "ಸಾರ್, ಸಾರ್, ನಮಸ್ಕಾರ ಸಾರ್" ಅನ್ನುತ್ತಾ ಅವನ ಬೈಕಿನ ಹತ್ತಿರಕ್ಕೇ ಓಡಿದ. ನಮ್ಮಲ್ಲಿ ಪೊಲೀಸ್ ನಿಲ್ಲಿಸಿದರೆ ಕಾರಿನಲ್ಲೇ ಕೂತಿರುವುದು ದುರಹಂಕಾರ. ಅಲ್ಲಿ ಇಳಿದು ಓಡಿ ಬರುವುದು ಹಲ್ಲೆ. ಪೊಲೀಸಿನವನು ಎರಡು ಹೆಜ್ಜೆ ಹಿಂದೆ ಸರಿದು, "ಕಾರಿನೊಳಗೆ! ಒಳಗೆ!" ಅಂತ ಇಂಗ್ಲಿಷಿನಲ್ಲಿ ಕೂಗಿದ. ಅಪ್ಪ ಹೋದಷ್ಟೇ ವೇಗವಾಗಿ ವಾಪಸು ಬಂದ. ಆ ದಿನ ಅವನು ವೇಗವಾಗಿ ಹೋದದ್ದು ಅದೊಂದೇ ಸಲ.

ಪೊಲೀಸಿನವನು ಕಿಟಕಿಯ ಬಳಿ ಬಂದು ಕೇಳಿದ: ಇಷ್ಟು ನಿಧಾನ, ಅದೂ ಎಡಗಡೆ ಲೇನಿನಲ್ಲಿ, ಯಾಕೆ? ಕಾರು ಕೆಟ್ಟಿದೆಯೇ? ಆರೋಗ್ಯ ಸರಿಯಿಲ್ಲವೇ? ಆ ಲೇನಿನಲ್ಲಿ ಎಂಬತ್ತಕ್ಕಿಂತ ಕಡಿಮೆ ಹೋಗುವುದೂ ಅಪರಾಧ, ದಂಡ ಹಾಕಬೇಕಾಗುತ್ತದೆ ಅಂತಲೂ ಅಂದ.

ದಂಡ ಅಂದದ್ದು ಅಪ್ಪನಿಗೆ ಅರ್ಥವಾಯಿತು. ಹಿಂದಿನಿಂದ ಅಮ್ಮ ಪಿಸುಗುಟ್ಟಿದಳು. "ರೀ, ಮಗ ಓಡಿಸ್ತಿದ್ದ ಅನ್ನಿ. ಅವ್ನಿಗೇನು ಮಾನ ಹೋಗೋದಿದೆ?"

"ಸುಮ್ನಿರೇ. ನಾನೇ ಕೂತಿದೀನಿ ಸ್ಟೀರಿಂಗ್ ಮುಂದೆ" ಅಂದ ಅಪ್ಪ.

ಫೋನ್ ತೆಗೆದು, ನಮ್ಮ ಬಿಳಿ ಕಾರಿನ ಫೋಟೋ ತೋರಿಸಿದ. "ಸಾರ್, ಐ ಆಮ್ ಡ್ರೈವಿಂಗ್ ಟೀಚರ್. ಥರ್ಟಿ ಇಯರ್ಸ್, ನೋ ಫೈನ್" ಅಂದು ಬಾಗಿಲ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದ. ನಮ್ಮ ದೇಶದಲ್ಲಿ ನಿಧಾನ ಹೋಗುವವರಿಗೆ ಎಡಗಡೆಯೇ ಮರ್ಯಾದೆ ಅಂತ ನಾನು ವಿವರಿಸಿದೆ. ಪೊಲೀಸಿನವನು ಫೋಟೋ ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಮೀಸೆ ಅಲುಗಿತು. ಮೇಷ್ಟ್ರಿಗೆ ಈ ಸಲ ಎಚ್ಚರಿಕೆ ಮಾತ್ರ ಅಂದ. ಆದರೆ ಇಲ್ಲಿಂದ ಮುಂದೆ ಮಗ ಓಡಿಸಲಿ.

ಸ್ಟೀರಿಂಗ್ ನನ್ನ ಕೈಗೆ ಬಂತು. ಬಲಗಡೆ ಸೀಟಿಗೆ ಹೋದ ಅಪ್ಪ, ಕಾಲಡಿ ಬ್ರೇಕೂ ಇಲ್ಲದೆ, ಮುಂದೆ ಸ್ಟೀರಿಂಗೂ ಇಲ್ಲದೆ, ಕವರನ್ನು ಎದೆಗವಚಿಕೊಂಡು ಕೂತ. "ಉಳೀತು ಕಣೇ" ಅಂತ ಅಮ್ಮನಿಗೆ ಎರಡು ಸಲ ಹೇಳಿದ.

ನಾನು ಸುಮ್ಮನಿದ್ದರೆ ನಾನು ಹೇಗಾದೇನು? ಆ ಪೊಲೀಸಿನವನ ಮಿಮಿಕ್ರಿ ಶುರು ಮಾಡಿದೆ. ಎದೆ ಉಬ್ಬಿಸಿ, ಮೂಗಿನಲ್ಲಿ, "ಒಳಗೆ! ಕಾರಿನೊಳಗೆ!" ಹಿಂದೆಯೇ ಅಪ್ಪನ ದನಿ, "ಸಾರ್, ಸಾರ್, ನಮಸ್ಕಾರ ಸಾರ್." ಅಮ್ಮ ನಗುತ್ತಾ ಪುಳಿಯೋಗರೆ ನೆತ್ತಿಗೆ ಹತ್ತಿಸಿಕೊಂಡಳು. ಪ್ರೇಕ್ಷಕರು ನಗುತ್ತಿರುವಾಗ ಯಾವ ಕಲಾವಿದ ತಾನೇ ಸ್ಪೀಡಾಮೀಟರ್ ನೋಡುತ್ತಾನೆ?

"ಲೋ, ಕ್ಯಾಮೆರಾ ಬೋರ್ಡು ಬಂತು ಕಣೋ" ಅಂದ ಅಪ್ಪ.

"ಅಪ್ಪಾ, ಇದು ಯೂರೋಪು! ಇಲ್ಲಿ ಓಡಿಸ್ಬೇಕು, ತಳ್ಕೊಂಡು ಹೋಗಬಾರ್ದು!"

ರಸ್ತೆ ಪಕ್ಕದಲ್ಲಿ ಏನೋ ಫಳ್ ಅಂದಿತು.

"ಏನೋ ಅದು?"

"ಬಿಸಿಲು ಕಣಪ್ಪಾ."

ಅಪ್ಪ ಕಾಲಡಿಯ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿದ್ದ. ಲಿಯೋನ್ ಬರುವವರೆಗೂ ಕಾಲು ತೆಗೆಯಲಿಲ್ಲ.

ವಾಪಸು ಬಂದು ಎರಡು ತಿಂಗಳಾಗಿತ್ತು. ಅಪ್ಪ ಫ್ರಾನ್ಸಿನ ಕಥೆಯನ್ನು ಹಿಟ್ಟಿನ ಗಿರಣಿಯವರಿಗೆಲ್ಲ ಹೇಳಿ, ಬಾಗಿಲ ಮೇಲಿನ ಸಾಲಿನ ಕೆಳಗೆ 'ದೇಶದಲ್ಲೂ, ವಿದೇಶದಲ್ಲೂ' ಅಂತ ಪೇಂಟರಿನಿಂದ ಬರೆಸಿಯೂ ಆಗಿತ್ತು. ಆ ಬಣ್ಣ ಒಣಗುವುದಕ್ಕೂ ಪೋಸ್ಟ್‌ಮ್ಯಾನ್ ಬರುವುದಕ್ಕೂ ಸರಿಹೋಯಿತು.

ಫ್ರೆಂಚ್ ಮೊಹರಿನ ಲಕೋಟೆ. ಮೇಲೆ ಅಪ್ಪನ ಹೆಸರು, ಏಕೆಂದರೆ ಕಾರು ಅಪ್ಪನ ಹೆಸರಿನಲ್ಲಿತ್ತು. ಒಳಗಿನ ಕಾಗದವನ್ನು ಅಕ್ಕ ವಿಡಿಯೋ ಕಾಲಿನಲ್ಲಿ ಓದಿ ಹೇಳಿದಳು: ಅಳೆದ ವೇಗ ನೂರ ನಲವತ್ತಮೂರು, ಅಳತೆಯಲ್ಲಿ ತಪ್ಪಿರಬಹುದೆಂದು ಒಂದಿಷ್ಟು ಬಿಟ್ಟು ಲೆಕ್ಕಕ್ಕೆ ಹಿಡಿದದ್ದು ನೂರ ಮೂವತ್ತೈದು. ಚೌಕಾಸಿ ಮಾಡುವ ಮೊದಲೇ ರಿಯಾಯಿತಿ ಕೊಡುವ ಸರ್ಕಾರವನ್ನು ನಾನು ಅದೇ ಮೊದಲು ನೋಡಿದ್ದು. ತಾರೀಖು, ಸಮಯ, ಜಾಗ ಎಲ್ಲ ಇತ್ತು. ಬಿಸಿಲು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ನಾನು ಅದನ್ನೂ ಮಿಮಿಕ್ರಿ ಮಾಡುತ್ತಿದ್ದೆ. ಅವನು ಹೊರಗೆ ಹೋಗಿ, ಹೊಸದಾಗಿ ಬರೆಸಿದ ಅಕ್ಷರಗಳನ್ನು ನೋಡುತ್ತಾ ನಿಂತ. ಆಮೇಲೆ ಒಳಗೆ ಬಂದು, "ಪೇಂಟರ್ ನಂಬರ್ ಇದ್ಯೇನೋ?" ಅಂತ ಕೇಳಿದ. ಅಷ್ಟೇ.

"ಅಪ್ಪಾ, ಫ್ರಾನ್ಸಿನ ಫೈನು ಮೂಡಲಪಾಳ್ಯದಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಲ್ಲೋ."

ಅಕ್ಕ ಇನ್ನೂ ಫೋನಿನಲ್ಲೇ ಇದ್ದಳು. "ಲೋ ಕೋತಿ, ಎರಡ್ನೇ ಹಾಳೆ ತಿರುಗ್ಸು. ಬೇರೆಯವ್ರು ಓಡಿಸ್ತಿದ್ರೆ ಅವ್ರ ಹೆಸರು ಬರೀಬಹುದು."

ತಿರುಗಿಸಿದೆ. ಓಡಿಸುತ್ತಿದ್ದವನ ಹೆಸರು, ವಿಳಾಸ, ಲೈಸೆನ್ಸ್ ನಂಬರು ಕೇಳುವ ಖಾಲಿ ಜಾಗಗಳು. ಎಲ್ಲರ ದನಿಯನ್ನೂ ತೆಗೆಯಬಲ್ಲ ನಾನು, ಆ ಹಾಳೆಯ ಮೇಲೆ ನನ್ನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆದೆ. ಬರೆದು ಮುಗಿಸುವವರೆಗೂ ಅಪ್ಪ ಮೇಜಿನ ಆಚೆ ನಿಂತಿದ್ದ. ನನ್ನ ಲೈಸೆನ್ಸ್ ನಂಬರನ್ನು ಮಾತ್ರ ಎರಡು ಸಲ ತಾಳೆ ನೋಡಿದ, ಕನ್ನಡಕ ಹಾಕಿಕೊಂಡು.

ಪೇಂಟರನ್ನು ಕರೆಸಬೇಕಾಗಲಿಲ್ಲ. ಅಕ್ಷರಗಳು ಹಾಗೇ ಇವೆ.

ಮಾರನೇ ವಾರ ಮೇಜಿನ ಹಿಂದೆ ಕೂತಿದ್ದೆ. ಹೊರಗೆ ಬಿಳಿ ಕಾರಿನಲ್ಲಿ ಹೊಸ ಆಂಟಿಯೊಬ್ಬರಿಗೆ ಮೊದಲ ಪಾಠ. ಕಿಟಕಿ ತೆರೆದಿತ್ತು. ಸ್ಪೀಡು ಎಷ್ಟಿರಬೇಕು ಸಾರ್ ಅಂತ ಅವರು ಕೇಳಿದರು. ಅಪ್ಪ ಕಿಟಕಿಯಿಂದ ನನ್ನತ್ತ ಬೆರಳು ತೋರಿಸಿದ.

"ಅಲ್ನೋಡಿ ಮೇಡಂ, ಮೇಜಿನ ಹಿಂದೆ ಕೂತಿದಾನಲ್ಲ, ಅವ್ನಿಗೆ ಫ್ರಾನ್ಸ್ ಸರ್ಕಾರ ಕಾಗದ ಬರೆದಿದೆ."

ಆಮೇಲೆ ಜನ್ಮದಲ್ಲೇ ಮಾಡದ ಕೆಲಸ ಮಾಡಿದ. ಕತ್ತು ಕೊಂಕಿಸಿ, ಕೂದಲು ಹಾರಿಸುವಂತೆ ತಲೆ ಕೊಡವಿ, ಥೇಟ್ ನನ್ನದೇ ದನಿಯಲ್ಲಿ ಅಂದ:

"ಅಪ್ಪಾ, ಇದು ಯೂರೋಪು! ಇಲ್ಲಿ ಓಡಿಸ್ಬೇಕು!"

ಆಂಟಿ ಬಿದ್ದು ಬಿದ್ದು ನಕ್ಕರು. ಟೈಲರ್ ಅಂಗಡಿಯವನೂ ನಕ್ಕ. ಎಷ್ಟು ಚೆನ್ನಾಗಿ ಮಾಡಿದನೆಂದರೆ, "ಯಾರೋ ಇದು? ಎಲ್ಲೋ ಕೇಳ್ದಂಗಿದೆ" ಅನ್ನಬೇಕಾಯಿತು ನಾನು.