ನಮ್ಮವರನ್ನು ಅವರು ಆರಿಸಿದರು

ಪಂಚರನ್ನು ಆರಿಸುವುದರಲ್ಲಿ ನಮ್ಮ ಕಡೆಯವರಿಗೆ ಒಂದು ಜಂಬವಿತ್ತು. ಬೇರೆ ಕಡೆ ವಾದಿ ತನ್ನವನನ್ನು ತಾನೇ ಕರೆತಂದು ಕೂಡಿಸುತ್ತಾನಂತೆ. ನಾರಾಯಣಖೇಡದ ನಮ್ಮ ಬಳಗದಲ್ಲಿ ಹಾಗಿರಲಿಲ್ಲ. ಎದುರಾಳಿಯ ಮನೆತನದಿಂದ ಒಬ್ಬನನ್ನು ನಾವು ಆರಿಸಬೇಕು, ನಮ್ಮ ಮನೆತನದಿಂದ ಒಬ್ಬನನ್ನು ಅವರು ಆರಿಸಬೇಕು. ಮೂರನೆಯವನು ಎರಡೂ ಕಡೆಗೆ ಸಂಬಂಧವಿಲ್ಲದ, ಎರಡೂ ಕಡೆಯವರು ಒಪ್ಪಿದ ಮನುಷ್ಯ. ವೈರಿಯ ಮನೆಯಲ್ಲೂ ಒಬ್ಬ ನ್ಯಾಯವಂತ ಇದ್ದಾನೆಂದು ಒಪ್ಪಿಕೊಂಡೇ ಜಗಳಕ್ಕೆ ಕೂಡಬೇಕು ಎಂದು ಹಿರಿಯರು ಹೊಗಳಿ ಹೇಳುತ್ತಿದ್ದರು. ಕೇಳುವುದಕ್ಕೆ ಬಹಳ ಚೆಂದ. ನನ್ನ ಮಗಳನ್ನು ನನ್ನಿಂದ ಕಿತ್ತುಕೊಂಡದ್ದು ಈ ಚೆಂದದ ಪದ್ಧತಿಯೇ.

ಅದು ನಿಜಾಮರ ಕಾಲ. ನನ್ನನ್ನು ತಾಂಡೂರಿಗೆ ಕೊಟ್ಟಿದ್ದರು. ಗಂಡ ಕಲ್ಲಿನ ಗಣಿಯ ಕೆಲಸ ನೋಡುತ್ತಿದ್ದ. ಜ್ವರ ಬಂತು, ನೋಡನೋಡುತ್ತಿದ್ದಂತೆ ಹೋದ. ಮಗಳದು ಆಗಿನ್ನೂ ತೊದಲು ಮಾತು. ನನ್ನ ಕಾಲ್ಗುಣದಿಂದಲೇ ಮಗ ಹೋದನೆಂದು ಅತ್ತೆ ಓಣಿಗೆಲ್ಲ ಸಾರಿದ ಮೇಲೆ ಅಪ್ಪ ನಮ್ಮಿಬ್ಬರನ್ನೂ ನಾರಾಯಣಖೇಡಕ್ಕೆ ಕರೆತಂದ. ಮುಂದಿನ ಸುಗ್ಗಿಯ ಹೊತ್ತಿಗೆ ಮೈದುನ ಬಂದು ಕೂತ. ನಾನು ಬೇಕಾದರೆ ತವರಲ್ಲಿರಬಹುದು, ಕೂಸು ಮಾತ್ರ ಅವರ ಮನೆಯದು, ನಾದಿನಿಯ ಮಗನಿಗೆ ಅವಳನ್ನು ತಂದುಕೊಳ್ಳುವುದೆಂದು ಗೊತ್ತಾಗಿದೆ ಎಂದ. ಗಂಡನ ಪಾಲಿನ ಹೊಲ ಕೂಸಿನ ಹಿಂದೆ ಹೊರಗೆ ಹೋದೀತೆಂಬ ಭಯ ಅದು. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡ ಅವನಲ್ಲ.

ಮುನ್ಸೀಫರ ಕಚೇರಿಗೆ ಹೋಗುವ ಮಾತೂ ಬಂತು. ಅಲ್ಲಿ ಎಲ್ಲ ಉರ್ದುವಿನಲ್ಲಿ ನಡೆಯುತ್ತದೆ, ವಿಧವೆ ಮಗಳ ಮಾತು ನಾಲ್ಕು ಜನರ ಬಾಯಿಗೆ ಬೀಳುತ್ತದೆ ಎಂದು ಅಪ್ಪ ಅಂಜಿದ. ಕೊನೆಗೆ ಎರಡೂ ಕಡೆಯವರು ಪಂಚರಿಗೆ ಒಪ್ಪಿದರು. ಪಂಚರು ಹೇಳಿದ್ದು ಕಬೂಲ್ ಎಂದು ಮೊದಲೇ ಮಠದ ಗದ್ದುಗೆ ಮುಟ್ಟಿ ಆಣೆ ಮಾಡಬೇಕು. ಅಪ್ಪ ಮುಟ್ಟಿದ, ಮೈದುನ ಮುಟ್ಟಿದ. ಹೆತ್ತವಳನ್ನು ಯಾರೂ ಕೇಳಲಿಲ್ಲ.

ಅವರ ಕಡೆಯಿಂದ ನಾವು ಆರಿಸಿದ್ದು ನನ್ನ ಗಂಡನ ಸೋದರಮಾವನನ್ನು. ಕಲ್ಲಿನ ವ್ಯಾಪಾರಿ, ಬಾಯಿ ಬಿಟ್ಟರೆ ಬೈಗುಳ. ಅಪ್ಪನಿಗೆ ಮನಸ್ಸಿರಲಿಲ್ಲ, ಹಟ ಹಿಡಿದವಳು ನಾನು. ಗಂಡನನ್ನು ಮಣ್ಣು ಮಾಡಿ ಬಂದ ದಿನ, ಜನ ತುಂಬಿದ ಆ ಮನೆಯಲ್ಲಿ, "ಈ ಹುಡುಗಿ ಏನರ ತಿಂದದ ಇಲ್ಲೋ ಯಾರರ ನೋಡೀರೇನು?" ಎಂದು ಗದರಿದವನು ಅವನೊಬ್ಬನೇ.

ನಮ್ಮ ಕಡೆಯಿಂದ ಅವರು ಆರಿಸಿದ್ದು ದೊಡ್ಡಪ್ಪನನ್ನು, ಅಪ್ಪನ ಒಡಹುಟ್ಟಿದ ಅಣ್ಣನನ್ನು. ಸುದ್ದಿ ಬಂದಾಗ ಮನೆಯಲ್ಲಿ ಹಬ್ಬ.

"ಅವರ ಬುದ್ಧಿ ಹುಲ್ಲು ಮೇಯಾಕ ಹೋಗ್ಯದ! ನಮ್ಮಣ್ಣನ್ನೇ ಆರಿಸ್ಯಾರ. ಕೂಸು ಇಲ್ಲೇ ಉಳೀತು ತಿಳಿ," ಎಂದು ಅಪ್ಪ ಅಂಗಳದಲ್ಲಿ ನಿಂತು ಕೂಗಿದ. ಅವ್ವ ಹೋಳಿಗೆಗೆ ಬೇಳೆ ಇಟ್ಟಳು. ನಾನೂ ನಕ್ಕೆ. ಗಂಡ ಹೋದ ಮೇಲೆ ನಕ್ಕದ್ದು ಅದೇ ಮೊದಲು.

ದೊಡ್ಡಪ್ಪ ಮಾತ್ರ ನಗಲಿಲ್ಲ. ಹಿಂದೊಮ್ಮೆ ಬದುವಿನ ಜಗಳದಲ್ಲಿ ಸ್ವಂತ ಮಗನ ವಿರುದ್ಧವೇ ತೀರ್ಪು ಹೇಳಿದವನು ಅವನು. ಅದಾದ ಮೇಲೆ ನ್ಯಾಲ್ಕಲ್‌ನಿಂದ ಕೊಡಂಗಲ್‌ವರೆಗೆ ಎಲ್ಲಿ ಪಂಚಾಯತಿ ನಡೆದರೂ ಅವನಿಗೆ ಕರೆ ಬರುತ್ತಿತ್ತು. ಹೋಳಿಗೆ ಕೊಡಲು ಹೋದ ಅವ್ವನಿಗೆ, "ಇದು ಮುಗಿಯೋತನ ನಾ ನಿಮ್ಮ ಮನಿ ನೀರೂ ಮುಟ್ಟಂಗಿಲ್ಲವ್ವ," ಎಂದು ತಟ್ಟೆ ತಿರುಗಿಸಿ ಕಳಿಸಿದ. ದಿನಾ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಬಾವಿಯವರೆಗೆ ಹೋಗುತ್ತಿದ್ದವನು ನಮ್ಮ ಅಂಗಳ ತುಳಿಯುವುದನ್ನೇ ಬಿಟ್ಟ. ಜನಕ್ಕೆ ತೋರಿಸಲು ಹೀಗೆ ಮಾಡುತ್ತಿದ್ದಾನೆಂದು ನಾವು ಒಳಗೊಳಗೇ ಖುಷಿಪಟ್ಟೆವು. ಎಂಥ ಹುಚ್ಚರು ನಾವು! ಈ ಹೆಸರಿನ ಗೀಳು ಮನುಷ್ಯನನ್ನು ಎಲ್ಲಿಯವರೆಗೆ ಎಳೆಯುತ್ತದೆಂದು ಒಂದೇ ಮನೆಯಲ್ಲಿ ಉಂಡ ನಮಗೆ ತಿಳಿಯಲಿಲ್ಲ. ತಾಂಡೂರಿನಲ್ಲಿ ಕೂತ ಮೈದುನನಿಗೆ ತಿಳಿದಿತ್ತು.

ಪಂಚರು ಕೂತದ್ದು ಜಹೀರಾಬಾದಿನ ಮಠದಲ್ಲಿ. ನಾವು ಗಾಡಿಯಲ್ಲಿ ಹೋದೆವು, ಅವರು, ಅತ್ತೆಯೂ ಸೇರಿ, ರೈಲಿನಲ್ಲಿ ಬಂದರು. ಮೂರನೆಯ ಪಂಚ ಆ ಊರಿನ ಮುಸಲ್ಮಾನ ಹಿರಿಯರು. ಮುನ್ಸೀಫರ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಶ್ಕಾರರಾಗಿದ್ದು ಬಿಟ್ಟವರು, ತೂಕದ ಮಾತು. ಗಂಡಸರೆಲ್ಲ ಪಡಸಾಲೆಯಲ್ಲಿ ಕೂತರು. ನಾನು ಒಳಗೆ ಬಾಗಿಲ ಹಿಂದೆ, ಕೂಸು ನನ್ನ ತೊಡೆಯ ಮೇಲೆ.

ಮೊದಲು ಕಲ್ಲಿನ ವ್ಯಾಪಾರಿ ಮಾತಾಡಿದ. "ಎಳಿ ಕೂಸು ತಾಯಿ ಬಲ್ಲಿ ಇರ್ಲಿ. ಹೊಲ ಎಲ್ಲಿ ಓಡಿ ಹೋಗ್ತದ? ಸತ್ತ ಹುಡುಗನ ಹೆಸರ ಹೇಳಿ ಹೊಲಕ್ಕ ಬಡದಾಡಾಕ ನಾಚಿಕಿ ಬರಲ್ಲೇನು ನಿಮಗ?" ಮೈದುನ ತಲೆ ತಗ್ಗಿಸಿದ. ನನ್ನ ಜೀವ ಹಗುರಾಯಿತು. ಇನ್ನುಳಿದದ್ದು ದೊಡ್ಡಪ್ಪನ ಒಂದು ಮಾತು, ಅಷ್ಟೇ.

ದೊಡ್ಡಪ್ಪ ಬಾಗಿಲ ಕಡೆ ತಿರುಗಿ ನನ್ನನ್ನೇ ಕೇಳಿದ. "ಯವ್ವಾ, ನಾಳಿ ನಿನಗ ಉಡಿಕಿ ಮಾಡ್ಕೋತೀವಿ ಅಂತ ಯಾರರ ಬಂದ್ರ?"

ಉಡಿಕಿ ಎಂದರೆ ವಿಧವೆಯ ಮರುಮದುವೆ. ನಮ್ಮಲ್ಲಿ ಅದು ನಡೆಯುತ್ತಿತ್ತು, ಆದರೆ ನನ್ನ ಕನಸಿನಲ್ಲೂ ಅದಿರಲಿಲ್ಲ.

"ನಾ ಒಲ್ಲೆ ದೊಡ್ಡಪ್ಪ," ಎಂದೆ.

"ಇವತ್ತು ಒಲ್ಲೆ ಅಂತಿ. ನಿಂದಿನ್ನ ಸಣ್ಣ ವಯಸ್ಸು." ಆಮೇಲೆ ಸಭೆಯ ಕಡೆ ತಿರುಗಿದ. "ನಾಳಿ ಈಕಿ ಬ್ಯಾರೆ ಮನಿಗಿ ಹೋದ್ರ ಕೂಸು ಯಾರದೋ ಮನ್ಯಾಗ ಬೆಳೀತದ. ಕೂಸು ತಂದಿ ಮನಿದು, ಅಲ್ಲೇ ಇರ್ಲಿ. ತಮ್ಮನ ಮಗಳು ಅಂತ ನಾ ವಾಲೋ ಮನಷ್ಯಾ ಅಲ್ಲ."

ಪೇಶ್ಕಾರರು ಗಡ್ಡ ನೀವಿಕೊಂಡರು.

"ನನ್ನ ದಿಲ್ ತಾಯಿ ಕಡೀಗೇ ಇತ್ರಿ," ಎಂದರು. "ಖರೇ, ಹುಡುಗಿ ಸ್ವಂತ ದೊಡ್ಡಪ್ಪನೇ ಹಿಂಗ ಅಂದ ಮ್ಯಾಲ, ಹೊರಗಿನವ ನಾ ಬ್ಯಾರೆ ಏನ್ ಹೇಳ್ಲಿ? ಅವರಿಗಿ ಗೊತ್ತಿದ್ದದ್ದು ನನಗ ಗೊತ್ತಿರಂಗಿಲ್ಲ."

ಅಲ್ಲಿಗೆ ಮುಗಿಯಿತು. ಕಲ್ಲಿನ ವ್ಯಾಪಾರಿ "ಥೂ ನಿಮ್ಮ ನ್ಯಾಯಕ್ಕ, ನಿಮ್ಮ ಇನ್ಸಾಫಿಗೆ" ಎಂದು ಎದ್ದು ಹೊರಟೇಹೋದ. ಅತ್ತೆ ಒಳಗೆ ಬಂದಳು. ನಾನು ಕೂಸನ್ನು ಅವಚಿಕೊಂಡೆ, ಬೇಡಿಕೊಂಡೆ, ನಾನೂ ಬರುತ್ತೇನೆ, ದನದ ಕೊಟ್ಟಿಗೆಯಲ್ಲಾದರೂ ಇರುತ್ತೇನೆ ಎಂದೆ. ಅವಳು ಕೂಸಿಗೆ ರೈಲು ತೋರಿಸುತ್ತೇನೆ ಬಾ ಎಂದಳು. ನನ್ನ ಮಗಳು ರೈಲನ್ನು ಕಂಡವಳಲ್ಲ. ನನ್ನ ಕೈ ಬಿಡಿಸಿಕೊಂಡು ಕುಣಿಯುತ್ತ ಹೋದಳು.

ಬರುವಾಗ ದೊಡ್ಡಪ್ಪನೂ ನಾವೂ ಒಂದೇ ಗಾಡಿಯಲ್ಲಿ. ಬೇರೆ ಗಾಡಿ ಎಲ್ಲಿಂದ ತರುವುದು? ಅವನ ಕಣ್ಣೂ ಕೆಂಪಾಗಿತ್ತು, ಅದನ್ನು ಇಲ್ಲವೆನ್ನುವುದಿಲ್ಲ.

"ನನಗೂ ಕರುಳು ಚುರ್ ಅಂತದವ್ವ," ಎಂದ. "ಖರೇ ನಾಳಿ ಯಾರೂ ತಮ್ಮವರ ಕಡಿ ವಾಲ್ದ ಅನಬಾರದು ನೋಡು."

"ಅಂದಿದ್ರ ಏನಾಗ್ತಿತ್ತು ದೊಡ್ಡಪ್ಪ?" ಎಂದು ಕೇಳಿದೆ.

ಸುದ್ದಿ ನಮಗಿಂತ ಮುಂದೆ ಓಡಿತ್ತು. ದಾರಿಯ ಊರೊಂದರ ಕಟ್ಟೆಯಲ್ಲಿ ಕೂತಿದ್ದ ಜನ ಎದ್ದುನಿಂತು ದೊಡ್ಡಪ್ಪನಿಗೆ ಶರಣು ಹೇಳಿದರು. ಒಬ್ಬ ಮುದುಕ ಗಾಡಿಯ ಹತ್ತಿರವೇ ಬಂದು ಅಪ್ಪನ ಕೈ ಹಿಡಿದುಕೊಂಡ. "ತಮ್ಮನ ಮಗಳಂತ ಸೈತ ನೋಡಲಿಲ್ಲಂತಲ್ರಿ! ಇಂಥ ಮನಷ್ಯಾ ನಿಮ್ಮ ಮನ್ಯಾಗ ಹುಟ್ಯಾನಂದ್ರ ನಿಮ್ಮ ಪುಣ್ಯ."

ಜಹೀರಾಬಾದಿನಿಂದ ಅಲ್ಲಿಯವರೆಗೆ ಅಪ್ಪ ಮೊಣಕಾಲಲ್ಲಿ ಮುಖ ಹುದುಗಿಸಿ ಅಳುತ್ತ ಬಂದಿದ್ದ. ಮುದುಕನ ಮಾತು ಕೇಳಿ ರುಮಾಲಿನ ಅಂಚಿನಿಂದ ಕಣ್ಣೊರೆಸಿಕೊಂಡ.

"ಹೌದ್ರಿ," ಎಂದ, ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ ಕೂಡುತ್ತ. "ನಮ್ಮಣ್ಣ ಅಂದ್ರ ಹಂಗೇರಿ."