ಬಸ್ಸಿಗೆ ಹೊದಿಸಿದ ಕೌದಿ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಘಾಟ್ಕೋಪರ್ ಗುಡ್ಡದ ಮೇಲಿನ ನಮ್ಮ ಬಸ್ತಿಗೆ ಬಸ್ಸು ಬರುತ್ತಿರಲಿಲ್ಲ. ಬಸ್ಸಿನ ಮಾತಿರಲಿ, ಸೈಕಲ್ಲೂ ಬರುತ್ತಿರಲಿಲ್ಲ. ಯಾರಾದರೂ ಸೈಕಲ್ ಕೊಂಡರೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಲೆ ಬರಬೇಕಾಗಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ನಮ್ಮವರೆಲ್ಲ ಬಿಜಾಪುರದ ಕಡೆಯಿಂದ ಬಂದು ಆ ಗುಡ್ಡದ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಒಡೆದ ಕಲ್ಲು ಸಾಗಿಸಲು ಗುಡ್ಡದ ಆಚೆ ಬದಿಯಲ್ಲಿ ಲಾರಿಗಳಿಗೆ ಒಳ್ಳೆಯ ದಾರಿ ಇತ್ತು. ಸ್ಟೇಷನ್ನಿಗೆ ಹೋಗುವ ಮನುಷ್ಯರಿಗೆ ಈಚೆ ಬದಿಯಲ್ಲಿ ಗಟಾರದ ಪಕ್ಕದ ಕಾಲುದಾರಿ ಅಷ್ಟೇ. ಕಲ್ಲಿಗಿದ್ದ ಮರ್ಯಾದೆ ನಮಗಿರಲಿಲ್ಲ.

ಆ ಕಾಲುದಾರಿಯ ನಡುವೆ ಒಬ್ಬ ದಾದಾ ಕಳ್ಳಭಟ್ಟಿ ಇಟ್ಟಿದ್ದ. ಕೊಳೆತ ಬೆಲ್ಲದ ನಾತ ದೂರದಿಂದಲೇ ಮೂಗಿಗೆ ಬಡಿಯುತ್ತಿತ್ತು. ಪೊದೆಗಳ ಹಿಂದೆ ಡ್ರಮ್ಮುಗಳು ಕುದಿಯುತ್ತಿದ್ದವು, ದಾರಿಯ ಮೇಲೆ ಕುಡುಕರು ಬಿದ್ದಿರುತ್ತಿದ್ದರು. ಅವನ ಹುಡುಗರು ಸೊಂಟದಲ್ಲಿ ಸೈಕಲ್ ಚೈನು ಸುತ್ತಿಕೊಂಡು ತಿರುಗುತ್ತಿದ್ದರು. ನಾವು ತಲೆ ತಗ್ಗಿಸಿ ಬಿರಬಿರನೆ ದಾಟುತ್ತಿದ್ದೆವು.

ಅಕ್ಕ, ಅಂದರೆ ನಿಮ್ಮ ದೊಡ್ಡಜ್ಜಿ, ಆಗಷ್ಟೇ ದಾದರಿನ ಕನ್ನಡ ಹೈಸ್ಕೂಲಿಗೆ ಸೇರಿದ್ದಳು. ನಮ್ಮ ಬಸ್ತಿಯಿಂದ ಹೈಸ್ಕೂಲು ಕಂಡ ಮೊದಲ ಹುಡುಗಿ ಅವಳೇ. ಒಂದು ಸಂಜೆ ಸ್ಟೇಷನ್ನಿನಿಂದ ಬರುವಾಗ ಭಟ್ಟಿಯ ಹತ್ತಿರ ಒಬ್ಬ ಕುಡುಕ ಅವಳ ಜಡೆ ಹಿಡಿದು ಎಳೆದ. ಅಕ್ಕ ಅವನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿ ಓಡಿ ಬಂದಳು. ಅರ್ಧ ಜಡೆ ಅವನ ಮುಷ್ಟಿಯಲ್ಲೇ ಉಳಿದಿತ್ತು. ಅವತ್ತೇ ಅಪ್ಪ ಹೇಳಿಬಿಟ್ಟರು, ಸಾಕು, ಈ ದಾರಿಯಲ್ಲಿ ಮಗಳನ್ನು ಕಳಿಸುವುದಿಲ್ಲ, ಬಸ್ಸು ಬಂದ ದಿನ ಶಾಲೆ ಅಂತ. ಬಸ್ಸು ಬರುವುದು ಕನಸಿನ ಮಾತು ಎಂದು ಅವರಿಗೂ ಗೊತ್ತಿತ್ತು.

ಅಕ್ಕ ಅಳಲಿಲ್ಲ. ತಲೆಯ ಗಾಯಕ್ಕೆ ಅವ್ವ ಅರಿಶಿನ ಹಚ್ಚುತ್ತಿದ್ದಳು, ಅಕ್ಕ ಅಪ್ಪನ ಮುಖವನ್ನೇ ನೋಡುತ್ತ ಅಂದಳು:

“ಹಂಗಾದ್ರ ಬಸ್ಸ ತರಸ್ರಿ.”

ಅಪ್ಪ ನಕ್ಕರು. ಆದರೆ ಮಗಳ ಮಾತು ಅವರ ಹೊಟ್ಟೆಯೊಳಗೆ ಹೊಕ್ಕು ಕೂತಿತು. ಸ್ಟೇಷನ್ ರಸ್ತೆಯಲ್ಲಿ ಉಡುಪಿಯವರೊಬ್ಬರ ಹೋಟೆಲು ಇತ್ತು, ಅವರನ್ನು ನಾವು ಹೋಟೆಲ್ ಮಾಮ ಎನ್ನುತ್ತಿದ್ದೆವು. ಅಲ್ಲಿಗೆ ದಿನಾ ಚಹಾ ಕುಡಿಯಲು ಒಬ್ಬ ಮರಾಠಿ ಬಸ್ ಡ್ರೈವರ್ ಬರುತ್ತಿದ್ದರು. ಅಪ್ಪ ಅವರ ಮುಂದೆ ಕೈಮುಗಿದು ನಿಂತು, ನಮ್ಮ ಗುಡ್ಡಕ್ಕೆ ಬಸ್ಸು ಹತ್ತಬಹುದೋ ಇಲ್ಲವೋ, ಒಮ್ಮೆ ನೋಡಿ ಹೇಳಿರಿ ಎಂದು ಕೇಳಿದರು. ಡ್ರೈವರ್ ಕಾಕಾ ತಮ್ಮ ರಜೆಯ ದಿನ ಬಂದು ಇಡೀ ಏರು ನಡೆದರು. ಇಲ್ಲಿ ಬಂಡೆ ತೆಗೆಯಿರಿ, ಅಲ್ಲಿ ತುಂಬಿರಿ, ಈ ತಿರುವು ಇಷ್ಟು ಅಗಲವಾಗಲಿ ಎಂದು ಸುಣ್ಣದಿಂದ ಗೆರೆ ಎಳೆದರು. ರಸ್ತೆ ನೀವು ಮಾಡಿ, ಡಿಪೋದ ಸಾಹೇಬರ ತಲೆ ತಿನ್ನುವ ಕೆಲಸ ನನ್ನದು ಎಂದರು.

ವಾರದ ರಜೆಯ ದಿನ ಬಂದರೆ ಸಾಕು, ಬಸ್ತಿಗೆ ಬಸ್ತಿಯೇ ರಸ್ತೆಗೆ ಇಳಿಯುತ್ತಿತ್ತು. ಗಂಡಸರು ಹಾರೆ, ಸುತ್ತಿಗೆ ಹಿಡಿದರೆ ಹೆಂಗಸರು ಬುಟ್ಟಿಯಲ್ಲಿ ಕಡಿಗಲ್ಲು ಹೊರುತ್ತಿದ್ದರು. ಜಡೆ ಕಳೆದುಕೊಂಡ ಅಕ್ಕ ಎಲ್ಲರಿಗಿಂತ ಹೆಚ್ಚು ಬುಟ್ಟಿ ಹೊತ್ತಳು. ಕಲ್ಲಿನ ದೂಳು ಅವಳ ರೆಪ್ಪೆಯ ಮೇಲೂ ಕೂತಿರುತ್ತಿತ್ತು.

ದಾದಾನಿಗೆ ಇದನ್ನು ಸಹಿಸಲಾಗಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಬಸ್ಸು ಬಂದರೆ ಹಿಂದೆಯೇ ಪೊಲೀಸ್ ಜೀಪೂ ಬರುತ್ತದೆ, ಭಟ್ಟಿ ಮುಳುಗುತ್ತದೆ. ಅವನ ಹುಡುಗರು ನಾವು ತುಂಬಿದ ರಸ್ತೆಯನ್ನು ಅಗೆದು ಹಾಕುತ್ತಿದ್ದರು, ನಾವು ಮತ್ತೆ ತುಂಬುತ್ತಿದ್ದೆವು. ಕೊನೆಗೆ ಒಂದು ದಿನ ಖಣಿಯಿಂದ ಬರುತ್ತಿದ್ದ ಅಪ್ಪನನ್ನು ಅಡ್ಡಗಟ್ಟಿ ಚೈನಿನಿಂದ ಹೊಡೆದರು. ಅಂಗಿ ಬೆನ್ನಿನ ಮಾಂಸಕ್ಕೆ ಅಂಟಿಕೊಂಡಿತ್ತು. ಅವ್ವ ಬಿಸಿನೀರು ಹಾಕಿ ಹಾಕಿ ಅದನ್ನು ಬಿಡಿಸುವಾಗ ಅಪ್ಪ ಬಾಯಿಯಲ್ಲಿ ಟವೆಲು ಕಚ್ಚಿಕೊಂಡಿದ್ದರು. ಮುಂದಿನ ರಜೆಗೆ ಅಪ್ಪ ಅಂಗಿಯನ್ನೇ ಹಾಕದೆ ಕೆಲಸಕ್ಕೆ ಬಂದರು. ಬೆನ್ನಿನ ಆ ಬಾಸುಂಡೆಗಳನ್ನು ನೋಡಿ, ಅಲ್ಲಿಯತನಕ ಹೆದರಿ ಮನೆಯಲ್ಲಿದ್ದವರೂ ಹಾರೆ ಹಿಡಿದು ಬಂದರು.

ರಸ್ತೆ ಮುಗಿಯಿತು, ಡ್ರೈವರ್ ಕಾಕಾ ಡಿಪೋದ ಸಾಹೇಬರನ್ನು ಒಪ್ಪಿಸಿದರು. ಮೇ ತಿಂಗಳ ಒಂದು ಬೆಳಿಗ್ಗೆ ಬಸ್ಸು ಬರುವುದು ಪಕ್ಕಾ ಆಯಿತು. ಜೂನಿನಲ್ಲಿ ಶಾಲೆ ಶುರು. ಅಕ್ಕ ತನ್ನ ಹಳೆಯ ಪಾಟಿಚೀಲ ಒಗೆದು ಒಣಗಲು ಹಾಕಿದ್ದಳು. ಬಸ್ಸು ತಿರುಗುವ ಜಾಗದಲ್ಲಿ ಡ್ರೈವರ್ ಕಾಕಾನಿಗೆ ಸನ್ಮಾನವೆಂದು ಹಿರಿಯರು ನಿಶ್ಚಯಿಸಿದರು. ಶಾಲು, ಹಾರ, ಪೇಢೆಯನ್ನು ಹೋಟೆಲ್ ಮಾಮ ದಾದರಿನಿಂದ ತಂದರು, ಜೊತೆಗೆ ದೊಡ್ಡ ಪಾತ್ರೆಯಲ್ಲಿ ಅಲ್ಲೇ ಚಹಾ ಕುದಿಸಲು ಇಟ್ಟರು. ಕುರ್ಚಿ ಯಾರ ಮನೆಯಲ್ಲಿದ್ದವು? ಮನೆಮನೆಯಿಂದ ಕೌದಿ ತಂದು ಹಾಸಿದೆವು. ಕೌದಿ ನೀವು ನೋಡಿದ್ದೀರಿ, ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಕೈಯಿಂದ ಹೊಲಿದ ದಪ್ಪ ಹೊದಿಕೆ. ಕೆಂಪು, ಹಸಿರು, ನೀಲಿ ತುಂಡುಗಳಿಂದ ಆ ಬೋಳು ಗುಡ್ಡ ಅವತ್ತು ಬಲು ಚೆಂದ ಕಂಡಿತು.

ಬಸ್ಸು ಏರು ಹತ್ತುವ ಸದ್ದು ಕೇಳಿಸಿದಾಗ ಮುದುಕಿಯರು ಅತ್ತರು. ಕೆಂಪು ಬಸ್ಸು, ಬಿಸಿ ಎಂಜಿನ್ನಿನ ವಾಸನೆ, ಹೊಳೆಯುವ ಗಾಜುಗಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ಮಕ್ಕಳಿಗೆಲ್ಲ ಒಳಗೆ ಹತ್ತಿ ಕೂರಲು ಬಿಟ್ಟರು. ಜೊತೆಗೆ ಬಂದಿದ್ದ ಡಿಪೋ ಸಾಹೇಬರು ಮಾತ್ರ ಮುಖ ಗಂಟು ಹಾಕಿಕೊಂಡಿದ್ದರು. ಈ ಗುಡ್ಡ ಗೂಂಡಾಗಳ ಜಾಗವೆಂದು ನಾನು ಬಲ್ಲೆ, ಈ ಬಸ್ಸಿನ ಒಂದೇ ಒಂದು ಗಾಜು ಒಡೆದರೂ ಮತ್ತೆ ಈ ಕಡೆ ಗಾಡಿ ಕಳಿಸುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಕೇಳಬಾರದವನಿಗೂ ಅದು ಕೇಳಿಸಿತ್ತು. ಅಪ್ಪ ಶಾಲು ಬಿಡಿಸಿ ಡ್ರೈವರ್ ಕಾಕಾನ ಹೆಗಲಿಗೆ ಹಾಕಬೇಕು, ಅಷ್ಟರಲ್ಲಿ ಮೇಲಿನ ಬಂಡೆಯಿಂದ ಮೊದಲ ಸೋಡಾ ಬಾಟ್ಲಿ ಬಂತು. ನೆಲಕ್ಕೆ ಬಿದ್ದು ಢಮಾರ್ ಎಂದು ಸಿಡಿಯಿತು. ಚೂರುಗಳು ಹಾರಿ ಒಬ್ಬ ಮುದುಕನ ಕಾಲು ಸೀಳಿದವು. ಆಮೇಲೆ ಬಾಟ್ಲಿಗಳ ಮಳೆ. ದಾದಾನ ಹುಡುಗರು ಚೈನು ತಿರುಗಿಸುತ್ತ, ಕಬ್ಬಿಣದ ಸಳಿ ಬೀಸುತ್ತ ಇಳಿದು ಬಂದರು. ಜನ ಚೀರಾಡುತ್ತ ದಿಕ್ಕೆಟ್ಟು ಓಡಿದರು. ಡಿಪೋ ಸಾಹೇಬರು ಬಸ್ಸಿನೊಳಗೆ ನುಗ್ಗಿ ಸೀಟಿನ ಕೆಳಗೆ ಸೇರಿಕೊಂಡರು. ನಾನು ಅದೇ ಸೀಟಿನ ಮೇಲಿದ್ದೆ.

ಆಗ ಅವ್ವನ ದನಿ ಕೇಳಿಸಿತು. ಹೊಟ್ಟೆಯೊಳಗಿಂದ ಬಂದ ದನಿ.

“ಗಾಜ ಮುಚ್ರಿ! ಕೌದಿ ತಗೋರಿ!”

ಹೆಂಗಸರು ನೆಲದ ಕೌದಿಗಳನ್ನು ಬಾಚಿಕೊಂಡು ಬಸ್ಸಿನ ಕಡೆ ಓಡಿದರು. ಒಳಗಿದ್ದ ನಾವು ಕಿಟಕಿಯ ಗಾಜನ್ನು ತುಸು ಕೆಳಗಿಳಿಸಿದೆವು, ಅವರು ಹೊರಗಿನಿಂದ ಕೊಟ್ಟ ಕೌದಿಯ ಅಂಚನ್ನು ಒಳಗೆ ಎಳೆದುಕೊಂಡು ಗಾಜನ್ನು ಮತ್ತೆ ಮೇಲಕ್ಕೆ ದಬ್ಬಿದೆವು. ಕೌದಿಗಳು ಹೊರಗೆ ಪರದೆಯಂತೆ ತೂಗಿದವು. ಬಾಟ್ಲಿಗಳು ಅವಕ್ಕೆ ಬಡಿದು ದೊಪ್ಪೆಂದು ಕೆಳಗೆ ಬೀಳತೊಡಗಿದವು. ಬಸ್ಸಿನ ಮುಂದಿನ ದೊಡ್ಡ ಗಾಜಿಗೆ ಮಾತ್ರ ಕೌದಿ ಸಿಕ್ಕಿಸಲು ಜಾಗವಿರಲಿಲ್ಲ. ಅವ್ವ ಒಂದು ತುದಿ, ಅಕ್ಕ ಇನ್ನೊಂದು ತುದಿ ಹಿಡಿದು ಬಂಪರಿನ ಮೇಲೆ ಹತ್ತಿ ನಿಂತರು. ಕೌದಿಯನ್ನು ಗಾಜಿಗೆ ಒತ್ತಿ ಹಿಡಿದರು.

ಹೊರಗಿನ ಹೊಡೆದಾಟ ಹೇಳತೀರದು. ಮೂಳೆಗೆ ಕಬ್ಬಿಣ ಬಡಿಯುವ ಸದ್ದು ಹೇಗಿರುತ್ತದೆಂದು ನಾನು ಅವತ್ತು ಕೇಳಿದೆ, ಇವತ್ತಿಗೂ ಮರೆತಿಲ್ಲ. ಡ್ರೈವರ್ ಕಾಕಾ ಎಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ ಹಿಡಿದು ಬಾಗಿಲಿಗೆ ಅಡ್ಡ ನಿಂತರು. ಒಬ್ಬ ಅವರ ಮೊಣಕೈ ಮುರಿದ, ಆದರೂ ಒಬ್ಬನನ್ನೂ ಒಳಗೆ ಬಿಡಲಿಲ್ಲ. ಒಂದು ಹನಿ ಚಹಾ ಚೆಲ್ಲಿದರೂ ಬೈಯುವ ನಮ್ಮ ಹೋಟೆಲ್ ಮಾಮ ಕುದಿಯುವ ಪಾತ್ರೆಯನ್ನೇ ಎತ್ತಿ ಇಬ್ಬರ ಮೇಲೆ ಸುರಿದರು. ಅವರು ಬೊಬ್ಬೆ ಹಾಕುತ್ತ ಇಳಿಜಾರಿನಲ್ಲಿ ಉರುಳಿದರು.

ನನಗೆ ಒಳಗಿನಿಂದ ಕಾಣುತ್ತಿದ್ದದ್ದು ಮುಂದಿನ ಗಾಜು ಮಾತ್ರ. ಕೌದಿಯ ತುಂಡುಗಳೊಳಗಿಂದ ಬಿಸಿಲು ಬಣ್ಣ ಬಣ್ಣವಾಗಿ ಬರುತ್ತಿತ್ತು. ಅದರ ಅಂಚಿನಲ್ಲಿ ಅಕ್ಕನ ನಾಲ್ಕು ಬೆರಳುಗಳು. ಒಮ್ಮೆಲೇ ತೀರಾ ಹತ್ತಿರದಲ್ಲಿ ಒಂದು ಬಾಟ್ಲಿ ಸಿಡಿಯಿತು. ಅಕ್ಕ ಚೀರಿದಳು. ಹಳದಿ ತುಂಡೊಂದು ನೋಡುತ್ತಿದ್ದಂತೆಯೇ ಕೆಂಪಾಯಿತು, ಕೆಂಪು ಕೆಳಗೆ ಹರಡುತ್ತ ಹೋಯಿತು. ಆ ಬೆರಳುಗಳು ಬಿಳಚಿಕೊಂಡವು, ಆದರೆ ಬಿಡಲಿಲ್ಲ.

ಆ ಬಾಟ್ಲಿ ಎಸೆದವನು ದಾದಾನೇ. ಅಪ್ಪ ಅದನ್ನು ಕಣ್ಣಾರೆ ಕಂಡರು. ಹುಚ್ಚು ಹಿಡಿದವರಂತೆ ಹಾರಿ ಅವನನ್ನು ಕೆಡವಿ, ಎದೆಯ ಮೇಲೆ ಕಾಲಿಟ್ಟು, ಕಲ್ಲು ಸೀಳುವ ಹಾರೆಯನ್ನು ಎರಡೂ ಕೈಯಲ್ಲಿ ಎತ್ತಿದರು. ನಾನು ಬಾಗಿಲಿನಿಂದ ತಲೆ ಹಾಕಿದಾಗ ಹಾರೆ ಮೇಲಿತ್ತು. ಅಪ್ಪನ ಮುಖ ಅಪ್ಪನದಾಗಿ ಇರಲಿಲ್ಲ. ಆಗ ಬಂಪರಿನ ಮೇಲಿನಿಂದ, ಮುಖದ ತುಂಬ ರಕ್ತ ಹರಿಯುತ್ತಿದ್ದ ಅಕ್ಕ ಕೂಗಿದಳು:

“ಅಪ್ಪಾ, ಬ್ಯಾಡ್ರಿ. ಅಂವಾ ಸತ್ರ ಬಸ್ಸ ಬರೂದಿಲ್ಲ.”

ಹಾರೆ ಕೆಳಗೆ ಬಂತು. ದಾದಾನ ಕಿವಿಯ ಪಕ್ಕದ ಕಲ್ಲಿಗೆ ಬಡಿದು ಕಿಡಿ ಹಾರಿತು. ಅಪ್ಪ ಹಾರೆ ಬಿಟ್ಟು, ತಲೆಯ ರುಮಾಲು ಬಿಚ್ಚಿ ಅವನ ಕೈ ಕಟ್ಟಿದರು. ದಾದಾ ನೆಲಕ್ಕೆ ಬಿದ್ದದ್ದು ನೋಡಿ ಉಳಿದವರು ಕಾಲಿಗೆ ಬುದ್ಧಿ ಹೇಳಿದರು. ಆಮೇಲೆ ಬಂದ ಪೊಲೀಸ್ ಜೀಪು ನಮ್ಮ ಹೊಸ ರಸ್ತೆಯಲ್ಲೇ ಸಲೀಸಾಗಿ ಮೇಲೆ ಹತ್ತಿತು. ಅವನು ಯಾವ ಜೀಪಿಗೆ ಹೆದರಿದ್ದನೋ ಅದರಲ್ಲೇ ಕೂತು ಕೆಳಗೆ ಹೋದ.

ಅವ್ವ ಬೆರಳು ಒಂದೊಂದಾಗಿ ಬಿಡಿಸಿದ ಮೇಲೆಯೇ ಅಕ್ಕ ಕೌದಿ ಬಿಟ್ಟದ್ದು. ಎಡಗಣ್ಣಿನಲ್ಲಿ ಗಾಜಿನ ಚೂರು ನಟ್ಟಿತ್ತು. ಡ್ರೈವರ್ ಕಾಕಾ ಕೆಳಗೆ ಬಿದ್ದಿದ್ದ ಸನ್ಮಾನದ ಶಾಲನ್ನು ಜಾಡಿಸಿ, ಒಂದೇ ಕೈಯಿಂದ ಅವಳ ತಲೆಗೆ ಸುತ್ತಿದರು. “ಹಾ ಮಾನ್ ಹಿಚಾ ಆಹೆ,” ಅಂದರು. ಈ ಮರ್ಯಾದೆ ಇವಳದ್ದು ಅಂತ. ಆಮೇಲೆ ಗಾಯಗೊಂಡವರನ್ನೆಲ್ಲ ಹತ್ತಿಸಿಕೊಂಡರು. ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೇರಿಂಗ್ ಹಿಡಿದರು, ಕಂಡಕ್ಟರ್ ಪಕ್ಕದಲ್ಲಿ ನಿಂತು ಗೇರು ಹಾಕಿದರು. ನಮ್ಮ ಗುಡ್ಡದ ಬಸ್ಸು ಮೊದಲು ಹೋದದ್ದು ಆಸ್ಪತ್ರೆಗೆ. ಅಕ್ಕ ಬಸ್ಸಿನಲ್ಲಿ ಮೊದಲು ಕೂತದ್ದೂ ಹೀಗೆ, ಅವ್ವನ ತೊಡೆಯ ಮೇಲೆ ತಲೆ ಇಟ್ಟುಕೊಂಡು.

ಆಸ್ಪತ್ರೆಯ ಅಂಗಳದಲ್ಲಿ ಡಿಪೋ ಸಾಹೇಬರು ಬಸ್ಸನ್ನು ಸುತ್ತು ಹಾಕಿದರು. ಒಂದೊಂದೇ ಕೌದಿ ಸರಿಸಿ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದರು. ಕೌದಿಗಳು ಹರಿದು ಚಿಂದಿಯಾಗಿದ್ದವು, ಅವುಗಳಲ್ಲಿ ಗಾಜಿನ ಚೂರುಗಳು ಮುಳ್ಳಿನಂತೆ ನಾಟಿದ್ದವು. ಬಸ್ಸಿನ ಗಾಜು ಒಂದೂ ಒಡೆದಿರಲಿಲ್ಲ. ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ ಎಂದರು. ಅಪ್ಪ ಅಲ್ಲೇ ನೆಲದ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತರು. ಆ ಹೊತ್ತಿಗೆ ಡಾಕ್ಟರು ಕಣ್ಣಿನ ವಿಷಯ ಹೇಳಿಯಾಗಿತ್ತು. ಎಡಗಣ್ಣು ಉಳಿಯಲಿಲ್ಲ.

ಡ್ರೈವರ್ ಕಾಕಾನ ಸನ್ಮಾನ ಬಾಕಿ ಉಳಿದಿತ್ತಲ್ಲ. ಅವರ ಕೈ ಕೂಡಿದ ಮೇಲೆ ಅದನ್ನೂ ಮಾಡಿದೆವು. ಶಾಲು ರಕ್ತದಲ್ಲಿ ಹಾಳಾಗಿತ್ತು. ಅವ್ವ ಆ ಹರಿದ ಕೌದಿಗಳ ಒಳ್ಳೆಯ ತುಂಡುಗಳನ್ನೆಲ್ಲ ಕೂಡಿಸಿ ಹೊಸ ಕೌದಿ ಹೊಲಿದಿದ್ದಳು, ಅಕ್ಕ ಅದನ್ನೇ ಅವರಿಗೆ ಹೊದಿಸಿದಳು. ಮುಂಬಯಿಯ ಸೆಕೆ ನಿಮಗೆ ಗೊತ್ತು. ಆ ಮನುಷ್ಯ ಬೆವರಿಳಿಸುತ್ತ ಭಾಷಣಗಳೆಲ್ಲ ಮುಗಿಯುವ ತನಕ ಕೌದಿ ತೆಗೆಯದೆ ಕೂತಿದ್ದರು. ಜೂನಿನಲ್ಲಿ ಅಕ್ಕ ಪಾಟಿಚೀಲ ಹೆಗಲಿಗೆ ಹಾಕಿಕೊಂಡು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅದೇ ಬಸ್ಸು ಹತ್ತಿದಳು.

ಈಗ ನಿಮ್ಮ ಕಾಲ. ಮೆಟ್ರೋ ಎರಡು ನಿಮಿಷ ತಡವಾದರೆ ನಿಮಗೆ ಸಿಟ್ಟು, ಎ.ಸಿ. ಕಡಿಮೆಯಾದರೆ ಕಂಪ್ಲೇಂಟು. ಇರಲಿ, ನಿಮ್ಮ ತಪ್ಪೇನಿಲ್ಲ, ಅದು ನಿಮಗೆ ಹುಟ್ಟಿದಾಗಿನಿಂದ ಇದೆ. ಮೊನ್ನೆ ಘಾಟ್ಕೋಪರಿನಿಂದ ಮೆಟ್ರೋ ಹತ್ತಿದಾಗ ದೊಡ್ಡಜ್ಜಿ ಬಲಗಡೆ ಕಿಟಕಿಯ ಹತ್ತಿರ ಕೂತಳು. ಕೂತವಳೇ ಗಾಜಿಗೆ ಅಂಗೈ ಒತ್ತಿ, ಇಳಿಯುವ ತನಕ ಹಾಗೇ ಇಟ್ಟುಕೊಂಡಿದ್ದಳು. ನಮ್ಮ ಗುಡ್ಡ ಅತ್ತ ಎಲ್ಲೋ ಕಟ್ಟಡಗಳ ಹಿಂದೆ ಸರಿದು ಹೋಯಿತು. “ಅಜ್ಜಿ, ಗ್ಲಾಸ್ ಬೀಳಲ್ಲ, ಡೋಂಟ್ ವರಿ,” ಎಂದು ನೀವು ನಕ್ಕಿರಿ. ಅವಳೂ ನಕ್ಕಳು, ಕೈ ಮಾತ್ರ ತೆಗೆಯಲಿಲ್ಲ. ನಾನು ಅವತ್ತು ಏನೂ ಹೇಳಲಿಲ್ಲ, ಇವತ್ತು ಹೇಳಿದ್ದೇನೆ.

ಮುಂದಿನ ಸಲ ಅವಳ ಎಡಗಡೆ ನೀವು ಕೂತುಕೊಳ್ಳಿ. ಆ ಕಡೆ ಅವಳಿಗೆ ಕಾಣುವುದಿಲ್ಲ. ಸ್ಟೇಷನ್ ಬಂದಾಗ ಕೈ ಹಿಡಿದು ಹೇಳಿ.