ಕೈಗೆ ಕೆಲಸವಿಲ್ಲದ ಪಾತ್ರ

ಬೆಳಕು ಹರಿಯುವ ಮುಂಚೆ ನೀರು ಹಿಡಿಯಬೇಕು, ಹಾಲು ಕಾಯಿಸಬೇಕು, ಹಿಟ್ಟು ನಾದಬೇಕು, ಹಾಸಿಗೆ ಹಿಡಿದ ಅತ್ತೆಯ ಮಗ್ಗುಲು ಬದಲಿಸಬೇಕು, ನೆನೆಸಿಟ್ಟ ಬಟ್ಟೆ ಒಗೆಯಬೇಕು, ಗಂಡನ ಮಾತ್ರೆ ಬಿಡಿಸಿ ಬಟ್ಟಲಿಗೆ ಹಾಕಿಡಬೇಕು. ಇದರ ನಡುವೆಯೇ ಆ ದಿನದ ಶೂಟಿಂಗಿನ ಸಂಭಾಷಣೆ ಬಾಯಿಪಾಠವಾಗಬೇಕು. ಹಾಳೆಯನ್ನು ಅವಳು ಬಟ್ಟೆ ಕ್ಲಿಪ್ಪಿನಿಂದ ಅಡುಗೆಮನೆ ಕಿಟಕಿಯ ಸರಳಿಗೆ ಸಿಕ್ಕಿಸುತ್ತಿದ್ದಳು. ಹಿಟ್ಟಿಗೊಂದು ಗುದ್ದು, ಬಾಯಿಗೊಂದು ಸಾಲು.

ಒಳಕೋಣೆಯಿಂದ ಅತ್ತೆ ತಪ್ಪು ಹಿಡಿಯುತ್ತಿದ್ದಳು.

“ಅಲ್ಲಿ ‘ಅಯ್ಯೋ ಮಗನೇ’ ಬಿಟ್ಟೆ ನೋಡು!”

“ಅದನ್ನ ತೆಗೆದುಹಾಕಿದ್ದಾರೆ, ಅತ್ತೆ.”

“ಅಯ್ಯೋ ಅನ್ನದೆ ಅದೆಂಥ ತಾಯಿ? ಅದಕ್ಕೆ ದುಡ್ಡು ಬೇರೆ ಕೊಡ್ತಾರೆ. ನಾನು ಜೀವಮಾನವಿಡೀ ಬಿಟ್ಟಿ ಅಂದೆ.”

ಸೊಸೆಯ ತಾಯಿ ನಾಟಕ ಕಂಪನಿಯಲ್ಲಿ ಉಡುಪು ಹೊಲಿಯುತ್ತಿದ್ದಳು. ಮುದುಕಿ ಪಾತ್ರದವಳು ಜಗಳವಾಡಿ ಬಿಟ್ಟುಹೋದ ಸಂಜೆ, ಅಳತೆ ಸರಿಹೊಂದುತ್ತದೆಂಬ ಒಂದೇ ಕಾರಣಕ್ಕೆ ಆ ಉಡುಪನ್ನು ಮಗಳಿಗೆ ತೊಡಿಸಿದರು. ನಾಯಕಿಯಾಗುವ ವಯಸ್ಸು ಅಜ್ಜಿಯಾಗಿಯೇ ಕಳೆಯಿತು. ನಿಜವಾಗಿ ವಯಸ್ಸಾದಾಗ ಮೇಕಪ್ಪಿನವನಿಗೆ ಕೆಲಸ ಹಗುರವಾಯಿತು, ಅಷ್ಟೇ. ಕಂಪನಿಯಲ್ಲಿ ದೀಪ ನೋಡಿಕೊಳ್ಳುತ್ತಿದ್ದವನನ್ನು ಮದುವೆಯಾದಳು. ಕಂಪನಿ ಮುಚ್ಚಿತು. ಅವನು ಮನೆಯಲ್ಲಿ ಕೂತ, ಅವಳು ಸಿನಿಮಾಕ್ಕೆ ಹೊರಟಳು.

ಅಲ್ಲಿ ಅವಳು ನಾಯಕನ ತಾಯಿ, ನಾಯಕಿಯ ಚಿಕ್ಕಮ್ಮ, ಶ್ರೀಮಂತರ ಮನೆಯ ಅಡುಗೆಯವಳು. ಸೆಟ್ಟಿನಲ್ಲಿ ಎಲ್ಲರಿಗೂ ಅಮ್ಮ. ಹೆಸರು ಯಾರಿಗೂ ಬೇಕಾಗಲಿಲ್ಲ. ಬೇರೆ ನಟಿಯರು ತರಕಾರಿ ಹೆಚ್ಚಿದಂತೆ ನಟಿಸಿದರೆ ಇವಳು ಹೆಚ್ಚಿಯೇಬಿಡುತ್ತಿದ್ದಳು. ಮುಂದೆ ನಾಯಕ ನಾಯಕಿ ಮುನಿಸಿಕೊಂಡು ರಾಜಿಯಾಗುವಷ್ಟರಲ್ಲಿ ಹಿಂದೆ ಒಂದು ಬುಟ್ಟಿ ಮುಗಿದಿರುತ್ತಿತ್ತು. ಅದನ್ನೇ ಮಧ್ಯಾಹ್ನ ಎಲ್ಲರಿಗೂ ಬೇಯಿಸುತ್ತಿದ್ದರು. ಆ ಕೆಲಸಕ್ಕೆ ಬೇರೆ ಸಂಭಾವನೆ ಇರಲಿಲ್ಲ.

ಕೊನೆಗೊಮ್ಮೆ ದೊಡ್ಡ ಪಾತ್ರವೊಂದು ಸಿಕ್ಕಿತು. ಆಸ್ಪತ್ರೆಯ ಹಿರಿಯ ವೈದ್ಯೆ. ಮಾಲೀಕನೆದುರು ಕೂತು, ಸುಳ್ಳು ವರದಿಗೆ ಸಹಿ ಹಾಕುವುದಿಲ್ಲ ಎನ್ನಬೇಕು. ಒಂದೇ ಉದ್ದನೆಯ ಶಾಟ್. ಕೈಗಳೆರಡೂ ಮೇಜಿನ ಮೇಲೆ ಅಲುಗದೆ ಇರಬೇಕು.

ಮಾತು ಬರಲಿಲ್ಲ. ಮನೆಯಲ್ಲಿ ಒಂದಕ್ಷರ ತಪ್ಪದೆ ಹೇಳಿದ್ದವಳಿಗೆ ಇಲ್ಲಿ ಎರಡನೇ ಸಾಲೇ ಸಿಗಲಿಲ್ಲ. ಅಂಗೈ ಮಾತ್ರ ತಾನಾಗಿ ಮೇಜನ್ನು ಉಜ್ಜತೊಡಗಿತು.

“ಅಮ್ಮಾ, ಟೇಬಲ್ ಒರೆಸ್ಬೇಡಿ. ನೀವು ಡಾಕ್ಟ್ರು,” ಎಂದ ನಿರ್ದೇಶಕ.

“ಬಿಡಿ ಸರ್, ಇನ್ನೊಂದು ಟೇಕ್ ಆದ್ರೆ ಆಸ್ಪತ್ರೆಯೆಲ್ಲಾ ತೊಳೆದು ಕೊಡ್ತಾರೆ,” ಎಂದ ಕ್ಯಾಮೆರಾದವನು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಊಟಕ್ಕೆ ಬಿಟ್ಟಾಗ ನಿರ್ದೇಶಕ ಮೇಕಪ್ ಕೋಣೆಗೆ ಬಂದ. ಕೈಯಲ್ಲಿ ಒಂದು ತಟ್ಟೆ ಬಟಾಣಿ ಕಾಯಿ.

“ಹೀಗೆ ಮಾಡೋಣ ಅಮ್ಮಾ. ಡಾಕ್ಟ್ರು ಮನೇಲಿರ್ತಾರೆ. ಬಟಾಣಿ ಬಿಡಿಸ್ತಾ ಇರ್ತಾರೆ. ಮಾಲೀಕ ಅಲ್ಲಿಗೇ ಬರ್ತಾನೆ. ಮಾತು ಅದೇ, ಜಾಗ ಮಾತ್ರ ಬೇರೆ. ನಿಮಗೂ ಸಲೀಸು.”

“ಆಫೀಸಲ್ಲೇ ಇನ್ನೊಂದ್ಸಲ...”

“ಮಾಡಿ, ಬೇಡ ಅನ್ನಲ್ಲ. ಆದ್ರೆ ಇವತ್ತು ಆಗ್ಲಿಲ್ಲ ಅಂದ್ರೆ ನಾಳೆ ಬೇರೆಯವರನ್ನ ಕರೆಸ್ಬೇಕಾಗುತ್ತೆ. ಯೋಚನೆ ಮಾಡಿ.”

ಅವನು ಹೋದಮೇಲೆ ಅವಳು ಕನ್ನಡಿಯೆದುರು ಕೂತು ಒಂದು ಕಾಯಿ ಬಿಡಿಸಿದಳು. ಮೊದಲ ಸಾಲು ಬಂತು. ಇನ್ನೊಂದು ಬಿಡಿಸಿದಳು. ಕೊನೆಯ ಸಾಲಿನವರೆಗೂ ಎಲ್ಲಿಯೂ ತಡವರಿಸಲಿಲ್ಲ. ಆದರೆ ಕನ್ನಡಿಯಲ್ಲಿದ್ದವಳು ವೈದ್ಯೆಯಾಗಿರಲಿಲ್ಲ. ಊಟಕ್ಕೆ ತಡವಾಗಿ ಬಂದ ಮಗನ ಮೇಲೆ ಗೊಣಗುತ್ತಿರುವ ತಾಯಿಯಾಗಿದ್ದಳು. ಅವಳು ಸಹಿ ಹಾಕುವುದಿಲ್ಲ ಎಂದರೆ ಯಾವ ಮಾಲೀಕನೂ ಹೆದರಲಾರ; ಬಟಾಣಿ ಚೆನ್ನಾಗಿದೆ ಎಂದಾನು.

ತಟ್ಟೆಯನ್ನು ಅಲ್ಲಿಯೇ ಬಿಟ್ಟು ಸೆಟ್ಟಿಗೆ ನಡೆದಳು. ಯಾರೂ ಇರಲಿಲ್ಲ. ದೀಪಗಳು ಆರಿದ್ದವು. ವೈದ್ಯೆಯ ಕುರ್ಚಿಯನ್ನೆಳೆದು ಕೂತು ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟಳು. ಮಾಡಿದರೆ ಇಲ್ಲಿಂದಲೇ, ಇಲ್ಲವಾದರೆ ನಾಳೆ ಬರುವವಳು ಮಾಡಲಿ.

ಮೊದಲ ಸಾಲು ಹೇಳಿದಳು. ಎರಡನೆಯದು ಬರಲಿಲ್ಲ. ಬೆರಳು ಅಲುಗಿಸದೆ ಕಾಯುತ್ತ ಕೂತಳು.